ಮೇಲಿನವರ ಎರಡು ಮಾತ್ರೆ

ಸೈಟಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನೆಲದಿಂದ ಹದಿನೆಂಟು ಮಹಡಿ ಎತ್ತರದ ಪುಟ್ಟ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಕ್ರೇನ್ ನಡೆಸುವವನು ಅವನು. ಹಾಗಾಗಿ ಎಲ್ಲರ ಬಾಯಲ್ಲೂ ‘ಮೇಲಿನವರು’. ಕಂಬಿ ಬರುವುದು ತಡವಾದರೆ ಬಡಗಿಗಳು ಆಕಾಶದ ಕಡೆ ಕೈಯೆತ್ತಿ, “ನಮ್ಮ ಕೈಲಿ ಏನಿದೆ, ಎಲ್ಲಾ ಮೇಲಿನವರ ಇಚ್ಛೆ” ಎಂದು ನಗುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವನ ಕೊಕ್ಕೆಯಿಂದ ಒಂದು ಇಟ್ಟಿಗೆಯೂ ಜಾರಿ ಬಿದ್ದಿರಲಿಲ್ಲ.

ಹೋದ ವರ್ಷ ಅವನಿಗೆ ಕಾರಣವಿಲ್ಲದೆ ಅಳು ಬರತೊಡಗಿತು. ಮನೆಯಲ್ಲಿ ಎಲ್ಲ ಸರಿಯಿತ್ತು, ಕೆಲಸ ಸರಿಯಿತ್ತು. ಆದರೂ ಕ್ಯಾಬಿನ್ನಿಗೆ ಹತ್ತಿ ಬಾಗಿಲು ಹಾಕಿಕೊಂಡ ಕೂಡಲೇ ಕಣ್ಣಲ್ಲಿ ನೀರು. ಊಟ ಮಣ್ಣು ತಿಂದ ಹಾಗಾಗುತ್ತಿತ್ತು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಕೆಳಗೆ ನೋಡಿದರೆ ಬೇಡದ ಯೋಚನೆ ಬರುತ್ತಿತ್ತು. ಅದಕ್ಕೆ ಹೆದರಿ ಅವನು ಎರಡು ಬಸ್ಸು ಬದಲಿಸಿ, ಯಾರೂ ಗುರುತು ಹಿಡಿಯದ ಬಡಾವಣೆಯ ಮನಸ್ಸಿನ ಡಾಕ್ಟರ ಹತ್ತಿರ ಹೋದ. ಅವರು ದಿನಕ್ಕೊಂದರಂತೆ ಒಂದು ಮಾತ್ರೆ ಬರೆದುಕೊಟ್ಟರು. ಆರು ವಾರ ಕಳೆಯುವಷ್ಟರಲ್ಲಿ ಊಟಕ್ಕೆ ಉಪ್ಪು ಖಾರ ವಾಪಸ್ಸು ಬಂತು, ನಿದ್ದೆಯೂ ಬಂತು. ಬಡಗಿಗಳ ಜೋಕಿಗೆ ಅವನೂ ನಗತೊಡಗಿದ. ಹೆಂಡತಿ, “ಅಂತೂ ನಿಮ್ಮ ಮುಖದ ಮೋಡ ಸರೀತು” ಎಂದಳು. ಅವನು ಹೂಂಗುಟ್ಟಿದ. ಮಾತ್ರೆಯ ವಿಷಯ ಅವಳಿಗೆ ಹೇಳಲಿಲ್ಲ.

ಹೇಳದಿರಲು ಕಾರಣ ಅವಳ ತಮ್ಮ. ಅವನ ಭಾವಮೈದುನ ಅದೇ ಸೈಟಿನಲ್ಲಿ ಸುರಕ್ಷತಾ ಅಧಿಕಾರಿ. ಅಕ್ಕ ತಮ್ಮನ ನಡುವೆ ಗುಟ್ಟು ನಿಲ್ಲುತ್ತಿರಲಿಲ್ಲ. ಇವಳ ಕಿವಿಗೆ ಹಾಕಿದ್ದು ಸಂಜೆಯೊಳಗೆ ಅವನ ಕಿವಿಯಲ್ಲಿರುತ್ತಿತ್ತು. ಕ್ರೇನ್ ನಡೆಸುವವರು ವರ್ಷಕ್ಕೊಮ್ಮೆ ಒಂದು ಫಾರ್ಮ್ ತುಂಬಬೇಕು. ಆ ವರ್ಷ ಭಾವಮೈದುನನೇ ಪೆನ್ನು ಹಿಡಿದು ಎದುರು ಕೂತಿದ್ದ.

“ಭಾವ, ಮೂರ್ಛೆ ರೋಗ?”

“ಇಲ್ಲ.”

“ಸಕ್ಕರೆ ಕಾಯಿಲೆ?”

“ನೀನೇ ಹೋದ ವಾರ ಮನೇಲಿ ಕೂತು ನನಗೆ ಎರಡನೇ ಸಲ ಪಾಯಸ ಬಡಿಸ್ದೆ.”

ಅವನು ನಗುತ್ತಲೇ ಮುಂದಿನದನ್ನು ಓದಿದ. “ಮನಸ್ಸಿಗೆ ಸಂಬಂಧಪಟ್ಟ ಔಷಧಿ? ಇದಕ್ಕೂ ‘ಇಲ್ಲ’ ತಾನೇ?”

“ಇಲ್ಲ” ಎಂದ ಮೇಲಿನವನು. ಭಾವಮೈದುನ ಗೀಟು ಹಾಕಿ ಕೆಳಗೆ ತನ್ನ ಸಹಿ ಮಾಡಿದ. ಪರಿಶೀಲಿಸಿದ್ದೇನೆ ಎಂಬ ಸಹಿ ಅದು. ಹೌದು ಎಂದಿದ್ದರೆ ಅವತ್ತೇ ಕ್ರೇನಿನಿಂದ ಇಳಿಸುತ್ತಿದ್ದರು. ಯಾವ ಮಾತ್ರೆ ಅವನನ್ನು ಆ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತ್ತೋ ಅದರ ಹೆಸರು ಹೇಳಿದರೆ ಆ ಕುರ್ಚಿಯೇ ಹೋಗುತ್ತಿತ್ತು. ಮಾತ್ರೆಯ ಪಟ್ಟಿಗಳನ್ನು ಅವನು ಮಂಚದ ಕೆಳಗಿನ ಟೂಲ್ ಬಾಕ್ಸಿನಲ್ಲಿ, ಸ್ಪ್ಯಾನರುಗಳ ತಟ್ಟೆಯಡಿ ಇಟ್ಟುಕೊಂಡ.

ಹಾಗೇ ಹನ್ನೊಂದು ತಿಂಗಳು ನಡೆಯಿತು. ಆಮೇಲೆ ಒಂದು ಭಾನುವಾರ ಬೀರು ಸರಿಸಲು ಹೋಗಿ ಬೆನ್ನು ಹಿಡಿದುಕೊಂಡಿತು. ನೆಟ್ಟಗೆ ನಿಲ್ಲಲೂ ಆಗದೆ, ಕೂರಲೂ ಆಗದೆ ಅವನು ಗೋಡೆ ಹಿಡಿದು ನಿಂತಿದ್ದಾಗ ಭಾವಮೈದುನನೇ ಬಂದು ಕಾರಿನಲ್ಲಿ ಕಂಪನಿಯ ಡಾಕ್ಟರ ಹತ್ತಿರ ಕರೆದೊಯ್ದ. ಒಳಗೂ ಬಂದು ಪಕ್ಕದ ಕುರ್ಚಿಯಲ್ಲೇ ಕೂತ.

ಡಾಕ್ಟರು ಬೆನ್ನು ಒತ್ತಿ ನೋಡಿ, ಕಾಲು ಎತ್ತಿಸಿ ನೋಡಿ, “ಸ್ವಲ್ಪ ಜೋರಾದ ಮಾತ್ರೆನೇ ಬೇಕು. ಬೇರೆ ಏನಾದ್ರೂ ಮಾತ್ರೆ ತಗೋತಾ ಇದ್ದೀರಾ?” ಎಂದರು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಭಾವಮೈದುನ, “ನಮ್ಮ ಭಾವನಿಗೆ ತಲೆನೋವಿನ ಮಾತ್ರೆ ನುಂಗ್ಸೋದೇ ಕಷ್ಟ ಸಾರ್” ಎಂದ, ಅಭಿಮಾನದಿಂದ.

“ಇಲ್ಲ” ಎಂದ ಅವನು.

“ಸರಿ. ರಾತ್ರಿ ಒಂದು, ನಾಲ್ಕು ದಿನ. ಆ ನಾಲ್ಕು ದಿನ ಕ್ರೇನ್ ಹತ್ತೋ ಹಾಗಿಲ್ಲ.”

ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಬೆನ್ನಿನ ಮಾತ್ರೆಯ ಪೆಟ್ಟಿಗೆಯೊಳಗಿನ ಕಾಗದ ಬಿಡಿಸಿದ. ಅಂಗೈಯಷ್ಟಿದ್ದದ್ದು ಬಿಡಿಸುತ್ತಾ ಹೋದರೆ ದಿಂಬಿನ ಕವರಿನಷ್ಟಾಯಿತು. ಇರುವೆ ಸಾಲಿನಂಥ ಅಕ್ಷರ. ಜೊತೆಗೆ ತೆಗೆದುಕೊಳ್ಳಬಾರದ ಔಷಧಿಗಳೆಂದು ಉದ್ದನೆಯ ಹೆಸರುಗಳ ಸಾಲು. ಅವು ಯಾವುದರ ಹೆಸರೋ, ತನ್ನ ಮಾತ್ರೆ ಆ ಪೈಕಿಯದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಕೊನೆಗೆ, ‘ನೀವು ತೆಗೆದುಕೊಳ್ಳುವ ಎಲ್ಲ ಔಷಧಿಗಳ ಬಗ್ಗೆ ನಿಮ್ಮ ವೈದ್ಯರಿಗೆ ತಿಳಿಸಿ’ ಎಂದಿತ್ತು. ಮೊಬೈಲಿನಲ್ಲಿ ಹುಡುಕಿದ. ಅಲ್ಲೂ ಅದೇ ರಾಗ. ಮನಸ್ಸಿನ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದರೆ, ಅವರು ಊರಲ್ಲಿಲ್ಲ, ಬರುವುದು ಮುಂದಿನ ವಾರ ಎಂದರು.

ಮಾರನೇ ದಿನ ಬೆನ್ನಿಗೆ ಕೈ ಆನಿಸಿಕೊಂಡು ಬೀದಿ ಕೊನೆಯ ಔಷಧಿ ಅಂಗಡಿಗೆ ಹೋದ. ಕನ್ನಡಕ ಹಾಕಿಕೊಂಡ, ಯಾವಾಗಲೂ ಗಂಭೀರವಾಗಿರುವ ಮೇಡಂ ಒಬ್ಬರು ಅಲ್ಲಿರುತ್ತಿದ್ದರು. ಎರಡು ಮಾತ್ರೆಯ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದ. ಚೀಟಿ ಇನ್ನೇನು ಕೌಂಟರಿನ ಮೇಲಿಡಬೇಕು, ಹಿಂದಿನಿಂದ ಪರಿಚಿತ ಕೆಮ್ಮು ಕೇಳಿಸಿತು. ಸೈಟಿನ ಸ್ಟೋರ್ ಕೀಪರ್. ಅವನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಸೈಟಿನ ಬಾಯಲ್ಲಿರುತ್ತಿತ್ತು.

“ಏನ್ ಬೇಕಿತ್ತು?” ಎಂದರು ಮೇಡಂ.

“ಗಂಟಲಿಗೆ ಚೀಪೋ ಮಾತ್ರೆ” ಎಂದ ಅವನು.

ಮೇಡಂ ಅವನ ಮುಷ್ಟಿಯಲ್ಲಿದ್ದ ಚೀಟಿ ನೋಡಿದರು. “ಬೇರೇನಾದ್ರೂ?”

“ಅಷ್ಟೇ.”

ಕೊನೆಗೆ ತನ್ನದೇ ಒಂದು ಲೆಕ್ಕ ಹಾಕಿಕೊಂಡ. ಮನಸ್ಸಿನದು ಬೆಳಗ್ಗೆ, ಬೆನ್ನಿನದು ರಾತ್ರಿ. ಜಗಳಗಂಟರಿಬ್ಬರನ್ನು ಬೇರೆ ಬೇರೆ ಬಸ್ಸಿಗೆ ಹತ್ತಿಸಿದ ಹಾಗೆ. ಎದುರುಬದುರಾದರೆ ತಾನೇ ಹೊಡೆದಾಟ? ನಾಲ್ಕು ದಿನ ಏನೂ ಆಗಲಿಲ್ಲ. ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರುತ್ತಿತ್ತು, ಅಷ್ಟೇ. ಸೆಕೆ ಎಂದುಕೊಂಡ.

ಐದನೇ ದಿನ ಕೆಲಸಕ್ಕೆ ಹೋದ. ಬದಲಿ ಕ್ರೇನ್ ನಡೆಸುವವನು ರಜೆಯಲ್ಲಿದ್ದ, ಮೇಲಿನ ಮಹಡಿಗೆ ಕಂಬಿ ಹೋಗದೆ ಕೆಲಸ ನಿಂತಿತ್ತು. ಭಾವಮೈದುನ ಏಣಿಯ ಬುಡದಲ್ಲಿ ನಿಂತು, “ಭಾವ, ನಿಜವಾಗ್ಲೂ ಆಗತ್ತಾ? ಮಾತ್ರೆ ನಿಲ್ಸಿದ್ದೀರಿ ತಾನೇ?” ಎಂದು ಕೇಳಿದ. “ನಿಲ್ಸಿದ್ದೀನಿ ಕಣೋ” ಎಂದು ಇವನು ಹತ್ತಿದ. ಮೇಲೆ ತಲುಪುವಷ್ಟರಲ್ಲಿ ಬೆನ್ನಿನಲ್ಲಿ ಬೆಂಕಿ ಬಿದ್ದಿತ್ತು. ಹತ್ತರ ಪಟ್ಟಿಯಲ್ಲಿ ಮಿಕ್ಕ ಮಾತ್ರೆ ಜೇಬಿನಲ್ಲಿತ್ತು. ಸಂಜೆಯವರೆಗೆ ಕೂರಬೇಕಲ್ಲ ಎಂದು ಒಂದಲ್ಲ, ಎರಡು ನುಂಗಿದ. ಬೆಳಗ್ಗಿನ ಮಾತ್ರೆ ತಿಂಡಿಯ ಜೊತೆಗೇ ಹೊಟ್ಟೆ ಸೇರಿತ್ತು.

ಹನ್ನೊಂದೂವರೆಯ ಹೊತ್ತಿಗೆ ಕಂಬಿಯ ದೊಡ್ಡ ಕಟ್ಟೊಂದು ಕೊಕ್ಕೆಯಲ್ಲಿತ್ತು. ಕೆಳಗಿನಿಂದ ಸನ್ನೆ ಕೊಡುವವನಿಗೆ ಎಲ್ಲರೂ ‘ಸಿಳ್ಳೆ’ ಎನ್ನುತ್ತಿದ್ದರು. ವಾಕಿಟಾಕಿ ಕೈಯಲ್ಲಿದ್ದರೂ ಮೊದಲು ಸಿಳ್ಳೆ ಹೊಡೆದೇ ಮಾತಾಡುವವನು. ಅವನ ದನಿ ಬಂತು: “ಮೇಲಿನವ್ರೇ, ಇವತ್ತು ಕಂಬಿ ಕುಣೀತಾ ಇದೆಯಲ್ಲ! ಮದ್ವೆಗೆ ಹೊರಟಿದೆಯಾ?”

ಅವನು ತನ್ನ ಕೈ ನೋಡಿಕೊಂಡ. ಕಂಬಿ ಕುಣಿಯುತ್ತಿರಲಿಲ್ಲ, ಹಿಡಿಕೆಯ ಮೇಲಿದ್ದ ಕೈ ನಡುಗುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡ. ಎಡಗೈಯೂ ನಡುಗಿತು. ಹಣೆಯಿಂದ ಬೆವರು ಕಣ್ಣಿಗೆ ಇಳಿದು ಉರಿಯಿತು. ಎದೆ ಓಡಿ ಬಂದವನ ಹಾಗೆ ಬಡಿದುಕೊಳ್ಳುತ್ತಿತ್ತು. ಕೆಳಗೆ, ಕಂಬಿಯ ನೆರಳು ಬೀಳುವ ಜಾಗದ ಅಂಚಿನಲ್ಲಿ, ಹಳದಿ ಟೋಪಿಗಳು ಓಡಾಡುತ್ತಿದ್ದವು.

“ಎಲ್ಲರನ್ನೂ ದೂರ ಸರಿಸು” ಎಂದ. “ಇದನ್ನ ವಾಪಸ್ ನೆಲಕ್ಕೆ ಇಳಿಸ್ತೀನಿ.”

“ಯಾಕೆ?”

“ಕಟ್ಟು ಸರಿ ಇಲ್ಲ. ಸರಿಸು ಅಂದೆ.”

ಆ ಕಟ್ಟನ್ನು ಇಳಿಸಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ. ಒಂದು ಗೇಣು ಇಳಿಸುವುದು, ನಿಲ್ಲಿಸಿ ಉಸಿರು ಬಿಡುವುದು, ಮತ್ತೊಂದು ಗೇಣು. ಕೊನೆಗೆ ಕಂಬಿ ನೆಲ ಮುಟ್ಟಿತು. ಸಿಳ್ಳೆ ಕೊಕ್ಕೆ ಬಿಡಿಸಿದ. ಇವನು ಹಿಡಿಕೆ ಬಿಟ್ಟು ಯಂತ್ರ ಆರಿಸಿದ. ಗಾಳಿಗೆ ಕ್ಯಾಬಿನ್ ಮೆಲ್ಲಗೆ ತೂಗುತ್ತಿತ್ತು.

ಇನ್ನು ಇಳಿಯಬೇಕು. ಕಾಲ ಬುಡದ ಮುಚ್ಚಳ ಎತ್ತಿ ಏಣಿ ನೋಡಿದ. ದಿನಾ ಕಣ್ಣು ಮುಚ್ಚಿ ಇಳಿಯುವ ಏಣಿ. ಮೊದಲ ಮೆಟ್ಟಿಲಿಗೆ ಕಾಲಿಟ್ಟ. ತೊಡೆ ತಾನಾಗಿಯೇ ಒಮ್ಮೆ ಜಗ್ಗಿತು, ಕಾಲು ಮೆಟ್ಟಿಲಿಂದ ಜಾರಿತು. ಎರಡು ಕೈಯಲ್ಲೂ ಚೌಕಟ್ಟು ಬಿಗಿಹಿಡಿದು ಮತ್ತೆ ಮೇಲಕ್ಕೆ ಬಂದು ಮುಚ್ಚಳ ಹಾಕಿದ.

ವಾಕಿಟಾಕಿ ಎದೆಯ ಮೇಲೇ ಇತ್ತು. ಗುಂಡಿ ಒತ್ತಿದರೆ ಇಪ್ಪತ್ತು ಜನ ಕೇಳುತ್ತಾರೆ: ಇಂಜಿನಿಯರು, ಸ್ಟೋರ್ ಕೀಪರ್, ಬಡಗಿಗಳು, ಭಾವಮೈದುನ. ನಾಲ್ಕು ಕಡೆಯೂ ಗಾಜು, ಊರಿಗೆ ಊರೇ ಕಾಣುತ್ತಿತ್ತು, ಕೈಚಾಚಿದರೆ ಮೋಡ. ಆದರೂ ಬಾವಿಗೆ ಬಿದ್ದವನ ಹಾಗೆ ಅನ್ನಿಸಿತು. ಮೊಬೈಲು ತೆಗೆದು ಹೆಂಡತಿಗೆ ಫೋನು ಮಾಡಿದ.

ಅವಳು ಮನೆಯ ಮುಂದಿನ ಬೀದಿಯಲ್ಲೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. “ಏನ್ರೀ ಈ ಹೊತ್ನಲ್ಲಿ? ಬೆನ್ನು ಮತ್ತೆ ಹಿಡ್ಕೊಂಡ್ತಾ?” ಎಂದಳು.

“ಮನೆಗೆ ಹೋಗು. ಮಂಚದ ಕೆಳಗೆ ಟೂಲ್ ಬಾಕ್ಸ್ ಇದೆ. ಸ್ಪ್ಯಾನರ್ ತಟ್ಟೆ ಎತ್ತಿದ್ರೆ ಅಡೀಲಿ ಮಾತ್ರೆ ಇದೆ. ತಗೊಂಡು ಔಷಧಿ ಅಂಗಡಿ ಮೇಡಂ ಹತ್ರ ಹೋಗು. ಮೇಜಿನ ಮೇಲಿರೋ ಬೆನ್ನಿನ ಮಾತ್ರೆ ಪೆಟ್ಟಿಗೇನೂ ತಗೋ. ಎರಡೂ ಒಟ್ಟಿಗೆ ತಗೊಂಡ್ರೆ ಏನಾಗತ್ತೆ ಕೇಳು.”

“ಟೂಲ್ ಬಾಕ್ಸಲ್ಲಿ ಯಾವ ಮಾತ್ರೆ? ಯಾರದ್ದು?”

“ನಂದು.”

“ಯಾತಕ್ಕೆ?”

ಹಲ್ಲು ಕಚ್ಚಿಕೊಂಡಿದ್ದ ದವಡೆಯನ್ನು ಪ್ರಯತ್ನಪಟ್ಟು ಬಿಡಿಸಬೇಕಾಯಿತು. “ಮನಸ್ಸಿಗೆ. ಹನ್ನೊಂದು ತಿಂಗಳಾಯ್ತು. ಈಗ ಬೈಬೇಡ ಕಣೇ. ಓಡು.”

ಅವಳು ಬೈಯಲಿಲ್ಲ. ಫೋನು ಇಡಲೂ ಇಲ್ಲ. ಅವಳ ಚಪ್ಪಲಿಯ ಸದ್ದು, ಬೀಗ ತೆರೆದ ಸದ್ದು, ಸ್ಪ್ಯಾನರುಗಳು ನೆಲಕ್ಕೆ ಸುರಿದ ಸದ್ದು ಅವನಿಗೆ ಕೇಳಿಸಿತು. ಒಂದು ಕ್ಷಣ ಏನೂ ಇಲ್ಲ. ಪಟ್ಟಿಗಳನ್ನು ಎಣಿಸುತ್ತಿದ್ದಾಳೇನೋ ಅನ್ನಿಸಿತು. ಮತ್ತೆ ಚಪ್ಪಲಿಯ ಸದ್ದು, ಈಗ ಓಟದ್ದು.

ಆಮೇಲೆ ಮೇಡಂ ದನಿ: “ಹಲೋ, ಕೇಳಿಸ್ತಾ ಇದೆಯಾ? ನಾನು ಕೇಳಿದ್ದಕ್ಕಷ್ಟೇ ಹೇಳಿ. ಬೆನ್ನಿನ ಮಾತ್ರೆ ಇವತ್ತು ಎಷ್ಟು ತಗೊಂಡ್ರಿ?”

“ಎರಡು. ಹತ್ತು ಗಂಟೆಗೆ.”

“ಇನ್ನೊಂದು?”

“ಬೆಳಗ್ಗೆ. ದಿನಾ ತಗೋತೀನಿ.”

“ಕೈ ನಡುಕ ಇದೆಯಾ? ಬೆವರು? ಎದೆ ಬಡಿತ?”

“ಎಲ್ಲಾ ಇದೆ. ಕಾಲೂ ಜಗ್ಗತ್ತೆ.”

ಮೇಡಂ ಉಸಿರೆಳೆದುಕೊಂಡರು. “ಈ ಎರಡನ್ನೂ ಒಟ್ಟಿಗೆ ತಗೋಬಾರ್ದು. ಎರಡೂ ತಲೆಯೊಳಗೆ ಒಂದೇ ರಸಾನ ಏರಿಸ್ತವೆ. ಅದು ಮಿತಿಮೀರಿದ್ರೆ ಹೀಗೇ ಆಗೋದು.”

“ಬೆಳಗ್ಗೆ ಒಂದು, ರಾತ್ರಿ ಒಂದು ತಗೊಂಡಿದ್ನಲ್ಲ ಮೇಡಂ…”

“ಗಂಟೆ ನೋಡಿ ಹೊರಗೆ ಹೋಗಲ್ಲ ಅವು. ದಿನಗಟ್ಲೆ ಮೈಯಲ್ಲೇ ಇರ್ತವೆ. ಇನ್ನು ಯಾವ ಮಾತ್ರೇನೂ ಮುಟ್ಬೇಡಿ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು, ತಡ ಮಾಡೋ ಹಾಗಿಲ್ಲ. ಎಲ್ಲಿದ್ದೀರಿ? ಕೂತಿದ್ದೀರಾ?”

“ಕೂತಿದ್ದೀನಿ.”

“ಪಕ್ಕದಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ಕ್ರೇನ್ ಮೇಲಿದ್ದೀನಿ.”

ಆಮೇಲೆ ಹೆಂಡತಿಯ ದನಿ, ಒಡೆದುಹೋಗಿತ್ತು: “ಒಬ್ರೇ ಇಳೀಬೇಡ್ರೀ. ನನ್ನಾಣೆ. ನಾನು ತಮ್ಮನಿಗೆ ಫೋನ್ ಮಾಡ್ತೀನಿ.”

“ಬೇಡ. ಅವನಿಗೆ ನಾನೇ ಹೇಳ್ಬೇಕು. ನನ್ನ ಫಾರ್ಮಿಗೆ ಸಹಿ ಮಾಡಿದ್ದು ಅವನು.”

“ಹಾಗಾದ್ರೆ ಹೇಳಿ. ಎರಡು ನಿಮಿಷ ಕೊಡ್ತೀನಿ. ಆಮೇಲೆ ನಾನು ಹೇಳ್ತೀನಿ” ಎಂದಳು ಅವಳು.

ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಅವನು ಸುಮ್ಮನೆ ಕೂತಿದ್ದ. ಭಾವಮೈದುನನಿಗೆ ಮೊಬೈಲಿನಲ್ಲೇ ಹೇಳಬಹುದಿತ್ತು. ಆದರೆ ಒಬ್ಬನಿಗೇ ಗುಟ್ಟಾಗಿ ಹೇಳಿದರೆ ಅವನು ಭಾವನನ್ನು ಉಳಿಸಲು ಸುಳ್ಳು ಹೇಳುತ್ತಾನೆ, ಆಮೇಲೆ ಇಬ್ಬರೂ ಒಂದೇ ಬಲೆಯಲ್ಲಿ ಎಂದು ಇವನಿಗೆ ಗೊತ್ತಿತ್ತು. ವಾಕಿಟಾಕಿಯ ಗುಂಡಿ ಒತ್ತಿದ.

“ಎಲ್ಲರೂ ಕೇಳಿಸ್ಕೊಳ್ಳಿ. ನನಗೆ ಮೈ ಸರಿ ಇಲ್ಲ. ಎರಡು ಥರ ಮಾತ್ರೆ ತಗೊಂಡು ಎಡವಟ್ಟಾಗಿದೆ. ಒಂದು ಬೆನ್ನಿಂದು, ಒಂದು ಮನಸ್ಸಿಂದು. ಮನಸ್ಸಿನ ಮಾತ್ರೆ ವಿಷಯ ನಾನು ಯಾರಿಗೂ ಹೇಳಿರ್ಲಿಲ್ಲ, ಮನೇಲೂ ಹೇಳಿರ್ಲಿಲ್ಲ. ನನಗೆ ಇಳಿಯಕ್ಕೆ ಆಗಲ್ಲ. ಹಗ್ಗ ತಗೊಂಡು ಯಾರಾದ್ರೂ ಬನ್ನಿ. ಆಂಬುಲೆನ್ಸ್ ಕರೀರಿ.”

ಕೆಳಗೆ ಹಳದಿ ಟೋಪಿಗಳು ನಿಂತಲ್ಲೇ ನಿಂತು ಮೇಲೆ ನೋಡಿದವು. ನಡುವಿನಿಂದ ಒಂದು ಬಿಳಿ ಟೋಪಿ ಮಾತ್ರ ಏಣಿಯ ಕಡೆ ಓಡಿತು.

ಭಾವಮೈದುನ ಮೇಲೆ ಬರುವಷ್ಟರಲ್ಲಿ ಅವನ ಮುಖ ಕೆಂಡದ ಹಾಗಾಗಿತ್ತು. ಏದುಸಿರು ಬಿಡುತ್ತಾ ಮುಚ್ಚಳ ತಳ್ಳಿ ಅರ್ಧ ಮೈ ಒಳಗೆ ತೂರಿಸಿದ. ಭಾವನ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದ, ಹಗ್ಗ ಸಿಕ್ಕಿಸಿದ, ಎರಡೆರಡು ಸಲ ಎಳೆದು ನೋಡಿದ. ಆಮೇಲೆ ಕೆಳಗೆ ನೋಡಿಕೊಂಡೇ, “ಆ ಫಾರ್ಮಲ್ಲಿ ನನ್ನ ಸಹಿ ಇದೆ ಭಾವ” ಎಂದ.

“ಗೊತ್ತು.”

“ಗೊತ್ತಿದ್ದೂ ನನಗೆ ಹೇಳ್ಲಿಲ್ಲ.”

“ಹೇಳಿದ್ರೆ ನೀನು ಸಹಿ ಹಾಕ್ತಿರ್ಲಿಲ್ಲ. ಅಥವಾ ಗೊತ್ತಿದ್ದೂ ಹಾಕಿರ್ತಿದ್ದೆ. ಎರಡೂ ನನಗೆ ಬೇಡವಾಗಿತ್ತು.”

ಭಾವಮೈದುನ ಕೆಳಗಿನ ಮೆಟ್ಟಿಲಲ್ಲಿ ನಿಂತು ಭಾವನ ಒಂದೊಂದು ಪಾದವನ್ನೂ ಕೈಯಿಂದ ಹಿಡಿದು ಮೆಟ್ಟಿಲ ಮೇಲೆ ಇಡುತ್ತಾ ಬಂದ. ಮೇಲೆ ಹತ್ತಿಬಂದ ಇನ್ನೊಬ್ಬ ಹಗ್ಗ ಬಿಡುತ್ತಿದ್ದ. ನಡುನಡುವೆ ಇದ್ದ ಕಬ್ಬಿಣದ ಹಲಗೆಗಳ ಮೇಲೆ ಕೂತು ದಣಿವಾರಿಸಿಕೊಂಡರು. ಐದನೇ ಹಲಗೆಯಲ್ಲಿ ಇವನಿಗೆ ವಾಂತಿಯಾಯಿತು. ಭಾವಮೈದುನ ತನ್ನ ತೋಳಿನಿಂದಲೇ ಅವನ ಬಾಯಿ ಒರೆಸಿದ.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಸೂಜಿ, ಸಲೈನು, ಎದೆಗೆ ತಂತಿ. ಇನ್ನಷ್ಟು ನುಂಗಿದ್ದರೆ ಜ್ವರ ಏರಿ ಪ್ರಾಣಕ್ಕೇ ಸಂಚಕಾರವಿತ್ತು ಎಂದರು ಅಲ್ಲಿನ ಡಾಕ್ಟರು. ಹೆಂಡತಿ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ನರ್ಸು ಬಂದು ಏನೇನು ಔಷಧಿ ಎಂದು ಕೇಳಿದಾಗಲೆಲ್ಲ ಕೈಚೀಲದಿಂದ ಎರಡೂ ಪಟ್ಟಿ ತೆಗೆದು ತೋರಿಸುತ್ತಿದ್ದಳು. ನೀರು ಬೇಕಾ, ದಿಂಬು ಸರಿಸಲಾ ಎಂಬುದು ಬಿಟ್ಟರೆ ಅವನ ಜೊತೆ ಬೇರೆ ಮಾತಾಡಲಿಲ್ಲ.

ವಿಚಾರಣೆ ಸೈಟಿನ ತಗಡಿನ ಆಫೀಸಿನಲ್ಲಿ ನಡೆಯಿತು. ಇಂಜಿನಿಯರು, ಹೆಡ್ಡಾಫೀಸಿನ ಇಬ್ಬರು, ಕಂಪನಿಯ ಡಾಕ್ಟರು. ಡಾಕ್ಟರಿಗೆ ನಿಜವಾಗಿ ನೋವಾಗಿತ್ತು. “ನಾನು ಬಾಯಿಬಿಟ್ಟು ಕೇಳಿದ್ದೆ. ಯಾಕೆ ಹೇಳ್ಲಿಲ್ಲ?” ಎಂದರು.

“ಹೇಳಿದ್ರೆ ಏನು ಮಾಡ್ತಿದ್ರಿ ಸಾರ್?”

ಡಾಕ್ಟರು ಸುಳ್ಳು ಹೇಳುವ ಮನುಷ್ಯರಲ್ಲ. “ಬೆನ್ನಿಗೆ ಬೇರೆ ಮಾತ್ರೆ ಕೊಡ್ತಿದ್ದೆ. ನಿಮ್ಮನ್ನ ಕ್ರೇನಿಂದ ಇಳಿಸ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ ಸಾರ್” ಎಂದ ಅವನು.

ತಪ್ಪು ತನ್ನದೇ ಎಂದು ಅವನು ಬರೆದುಕೊಟ್ಟ. ಭಾವಮೈದುನನಿಗೆ ಎಚ್ಚರಿಕೆಯ ಪತ್ರ ಬಂತು, ಆ ವರ್ಷ ಆಗಬೇಕಿದ್ದ ಬಡ್ತಿ ತಪ್ಪಿತು. ಇವನನ್ನು ಆರು ತಿಂಗಳು ಸ್ಟೋರಿಗೆ ಹಾಕಿದರು. ಆಮೇಲೆ ಹೊಸದಾಗಿ ಪರೀಕ್ಷೆ, ಆಮೇಲೆ ನೋಡೋಣ ಎಂದರು. ಮನಸ್ಸಿನ ಡಾಕ್ಟರು ಊರಿಂದ ಬಂದ ಮೇಲೆ ಮಾತ್ರೆ ಮತ್ತೆ ನಿಧಾನವಾಗಿ ಶುರು ಮಾಡಿಸಿ, ಇವನು ಕ್ರೇನ್ ನಡೆಸಲು ಅಡ್ಡಿಯಿಲ್ಲ ಎಂದು ಉದ್ದನೆಯ ಪತ್ರ ಬರೆದುಕೊಟ್ಟರು. ಹೆಡ್ಡಾಫೀಸಿನವರು ಪತ್ರ ತಲುಪಿದೆ ಎಂದು ಮಾತ್ರ ಉತ್ತರ ಕಳಿಸಿದರು.

ಸ್ಟೋರಿಗೆ ಕಿಟಕಿ ಇರಲಿಲ್ಲ. ಅವನು ಟ್ಯೂಬ್‌ಲೈಟಿನ ಕೆಳಗೆ ಕೂತು, ಸವೆದ ಹಗ್ಗ ಬೇರೆ, ಸರಿಯಿರುವ ಹಗ್ಗ ಬೇರೆ ಮಾಡಿ ಚೀಟಿ ಕಟ್ಟುತ್ತಿದ್ದ. ಸ್ಟೋರ್ ಕೀಪರ್ ಮೊದಲ ವಾರ ಇವನ ಜೊತೆ ಗಾಜಿನ ಲೋಟದ ಜೊತೆ ಮಾತಾಡುವ ಹಾಗೆ ಮಾತಾಡಿದ, ಎಲ್ಲಿ ಒಡೆದೀತೋ ಎಂದು. ಎರಡನೇ ವಾರ ಮಾಮೂಲಿನಂತೆ ಊರ ಸುದ್ದಿ ಶುರು ಹಚ್ಚಿದ. ಒಂದು ದಿನ ಸಿಳ್ಳೆ ಹಗ್ಗ ಬೇಕೆಂಬ ನೆವದಲ್ಲಿ ಬಂದು, ಸ್ಟೋರ್ ಕೀಪರ್ ಹೊರಗೆ ಹೋಗುವವರೆಗೆ ಕಾದು, “ಮೇಲಿನವ್ರೇ, ನನ್ನ ತಂಗಿಗೂ ನಿಮ್ಮ ಥರನೇ ಆಗಿದೆ. ಆ ಡಾಕ್ಟರು ಎಲ್ಲಿರೋದು?” ಎಂದು ಕೇಳಿದ. ಇವನು ಬಸ್ಸಿನ ನಂಬರು ಬರೆದುಕೊಟ್ಟ. ಹೊರಗೆ ಹೊಸ ಕ್ರೇನ್‌ನವನು ಕಂಬಿ ಎತ್ತುವ ಸದ್ದು ಕೇಳಿದರೆ ಇವನ ಕೈ ತಾನಾಗಿಯೇ ಮಡಿಲ ಮೇಲೆ ಅಲ್ಲಾಡುತ್ತಿತ್ತು. ಹಿಡಿಕೆ ಎಡಕ್ಕೆ, ಸ್ವಲ್ಪ ಕೆಳಗೆ, ನಿಲ್ಲಿಸು.

ಭಾವಮೈದುನ ಎರಡು ತಿಂಗಳು ಮನೆಗೆ ಬರಲಿಲ್ಲ. ಮೂರನೇ ತಿಂಗಳು ಒಂದು ಭಾನುವಾರ ಬಂದ. ಊಟ ಮಾಡಿದ, ಅಕ್ಕನ ಜೊತೆ ನಲ್ಲಿ ರಿಪೇರಿಯ ಬಗ್ಗೆ ಮಾತಾಡಿದ, ಹೊರಡುವಾಗ ಬಾಗಿಲಲ್ಲಿ ನಿಂತು, “ಬೆನ್ನು ಹೇಗಿದೆ ಭಾವ?” ಎಂದ. “ಪರವಾಗಿಲ್ಲ” ಎಂದ ಇವನು. ಇಬ್ಬರಿಗೂ ಅವತ್ತಿಗೆ ಅಷ್ಟೇ ಆದದ್ದು.

ಅವನು ಹೋದ ಮೇಲೆ ಹೆಂಡತಿ ಒಣಗಿದ ಬಟ್ಟೆಯ ರಾಶಿ ತಂದು ಮಂಚದ ಮೇಲೆ ಹಾಕಿದಳು. ಇವನು ಹಾಸಿಗೆ ಹೊದಿಕೆಯ ಒಂದು ತುದಿ ಹಿಡಿದ, ಅವಳು ಇನ್ನೊಂದು. ಮಡಿಸಿ ಹತ್ತಿರ ಬಂದಾಗ ಅವಳು ತುದಿ ಬಿಡಲಿಲ್ಲ.

“ಆ ವರ್ಷ ಅಲ್ಲಿ ಮೇಲೆ ಒಬ್ರೇ ಕೂತು ಅಳ್ತಿದ್ರಿ ಅಂತ ಡಾಕ್ಟರ ಪತ್ರದಲ್ಲಿ ಓದ್ದೆ” ಎಂದಳು. “ಸಂಜೆ ಮನೆಗೆ ಬಂದು ನನ್ನ ಜೊತೆ ಊಟ ಮಾಡ್ತಿದ್ರಿ. ಮುಖ ಬಾಡಿದ್ದು ಕಾಣ್ತಿತ್ತು, ಅಳೋದು ನನಗೆ ಒಂದು ಚೂರೂ ಗೊತ್ತಾಗ್ಲಿಲ್ಲ. ನಂಗೆ ಕೋಪ ಬಂದಿರೋದು ಮಾತ್ರೆ ಮೇಲಲ್ಲ.”

ಅವನು ಹೊದಿಕೆಯ ಮಡಿಕೆ ಸರಿಮಾಡಿದ.

“ಹೇಗಿತ್ತು ಅದು? ಹೇಳಿ.”

“ಹೇಳಕ್ಕೆ ಬರಲ್ಲ ಕಣೇ.”

“ಬರೋವಷ್ಟು ಹೇಳಿ.”

ಅವನು ಹೊದಿಕೆಯನ್ನು ಮಂಚದ ಮೇಲಿಟ್ಟು ಪಕ್ಕದಲ್ಲಿ ಕೂತ. ಆಮೇಲೆ, “ಮೊದ್ಲು ಊಟದ ರುಚಿ ಹೋಯ್ತು” ಎಂದು ಶುರು ಮಾಡಿದ.